ಮುಮತಾಜಬಿ ಒತ್ತಿದ ಚೋಂಗೆ

ಬಾವಿಯಿಂದ ಹನ್ನೆರಡು ಕೊಡ ನೀರು. ತಲೆಯ ಮೇಲೆ ತಣ್ಣೀರು. ಗಳದ ಮೇಲೆ ಒಣಗಿದ ಮಡಿ ಸೀರೆಯನ್ನು ಕೋಲಿನಿಂದ ಇಳಿಸಿ ಉಡುವುದು, ಒಲೆ ಸಾರಿಸುವುದು, ದೇವರ ಪಾತ್ರೆ ಬೆಳಗುವುದು, ಅತ್ತೆಗೆ ಬಿಸಿನೀರು, ಆಮೇಲೆ ಎಂಟು ಮಂದಿಗೆ ಸಾರು, ಪಲ್ಯ, ಭಕ್ಕರಿ. ಇಷ್ಟಾದ ಮೇಲೆ ಬೆಳಗಾಗುತ್ತಿತ್ತು. ಮಡಿ ಬಿಚ್ಚಿ, ನೀಲಿ ಅಂಚಿನ ಸೀರೆ ಉಟ್ಟು, ಗಂಗಾಬಾಯಿ ರೋಣದ ಹೆಣ್ಣುಮಕ್ಕಳ ಶಾಲೆಯ ಮೂರನೇ ಇಯತ್ತೆಗೆ ಅಕ್ಕೋರಾಗಿ ಹೋಗುತ್ತಿದ್ದಳು.

ಗಂಡ ಸತ್ತು ಏಳು ವರ್ಷವಾಗಿತ್ತು. ಮೈದುನ ದತ್ತಾತ್ರೇಯನ ಮನೆಯಲ್ಲಿ ಅವಳ ಜಾಗವೆಂದರೆ ಆ ಒಲೆಯ ಮುಂದಿನ ಎರಡು ಮೊಳ.

1955ರ ಆ ವರ್ಷ ಅವಳು ಶನಿವಾರಕ್ಕೊಂದು ಮನೆ ಎಂದು ಹುಡುಗಿಯರನ್ನು ಕರೆದೊಯ್ಯತೊಡಗಿದಳು. ಯಾರ ಮನೆಯಲ್ಲಿ ಏನು ಪದ್ಧತಿ, ಕಣ್ಣಾರೆ ನೋಡಲಿ ಎಂದು. ಮೊದಲು ತನ್ನ ಮನೆಗೇ, ಪೂಜೆ ನೋಡಲು. ಎಲ್ಲರೂ ಒಳಗೆ ಬಂದರು. ಮುಮತಾಜಬಿಯೊಬ್ಬಳು ಹೊರಗಿನ ಕಟ್ಟೆಯ ಮೇಲೆ ಕೂತಳು. ಅತ್ತೆ ವೆಂಕೂಬಾಯಿ ಅವಳ ಬೊಗಸೆಗೆ ಮೇಲಿನಿಂದ ಅವಲಕ್ಕಿ ಹಾಕಿದರು. ಹುಡುಗಿಯರು ಹೊರಟ ಮೇಲೆ ಕಟ್ಟೆಗೆ ಸಗಣಿ ನೀರು ಹಾಕಿ ಬಳಿಯುವ ಕೆಲಸ ಯಾರದು? ಗಂಗಾಬಾಯಿಯದೇ. ತಲೆಯೆತ್ತಿದಾಗ, ಮರೆತ ಪಾಟಿ ಒಯ್ಯಲು ಬಂದ ಮುಮತಾಜಬಿ ಎದುರಿಗೇ ನಿಂತಿದ್ದಳು.

"ನಾ ಕೂತಲ್ಲೇ ಯಾಕ್ರಿ, ಅಕ್ಕೋರ?"

ಗಂಗಾಬಾಯಿ ಸಗಣಿ ಕೈ ತೊಳೆದು ಪಾಟಿ ತಂದುಕೊಟ್ಟಳು.

ಮುಂದಿನ ಶನಿವಾರ ಮುಮತಾಜಬಿಯ ಮನೆ. ಮೊಹರಂ ಹತ್ತಿರವಾಗಿತ್ತು, ಅವಳ ತಾಯಿ ಚಮನಬಿ ಹಬ್ಬದ ಸಿಹಿರೊಟ್ಟಿ, ಚೋಂಗೆ, ಮಾಡಿ ತೋರಿಸುವವಳಿದ್ದಳು. ಬೆಳಿಗ್ಗೆ ಹೊರಡುವಾಗ ಪಡಸಾಲೆಯಿಂದ ಅತ್ತೆಯ ದನಿ ಬಂತು.

"ಗಂಗಾ, ಅಲ್ಲೇನರ ಬಾಯಾಗ ಹಾಕ್ಕೊಂಡಿ ಅಂದ್ರ ಅಡಗಿಮನಿ ಹೊಸ್ತಿಲಾ ದಾಟಬ್ಯಾಡ. ಅಡಗಿ ಮಾಡದಾಕಿಗೆ ಈ ಮನ್ಯಾಗ ಏನ ಕೆಲಸ ಅದ? ತವರಿಗೆ ಹೋಗ್ತೀನಂದ್ರ ಅಲ್ಲೆ ಯಾರಿದ್ದಾರ?"

ಚಮನಬಿಯ ಮನೆಯಲ್ಲಿ ಹುಡುಗಿಯರು ನೇರ ಒಲೆಯ ಹತ್ತಿರಕ್ಕೇ ನುಗ್ಗಿದರು. ಯಾರೂ ತಡೆಯಲಿಲ್ಲ. ಹೂಬಳ್ಳಿ ಕೆತ್ತಿದ ಮರದ ಹಲಗೆಯ ಮೇಲೆ ಗೋಧಿ ಕಣಕವನ್ನು ಒತ್ತಿದರೆ ರೊಟ್ಟಿಯ ಮೈಮೇಲೆ ಬಳ್ಳಿ ಮೂಡುತ್ತಿತ್ತು. ಬೇಯಿಸಿ, ತುಪ್ಪ ಸವರಿ, ಬೆಲ್ಲ ಪುಟಾಣಿ ಪುಡಿ ಉದುರಿಸಿದಳು ಚಮನಬಿ.

"ಮೆತ್ತಗ ಒತ್ತವಾ, ಹಲಗಿ ನಮ್ಮತ್ತೀದೈತಿ. ಮುರದ್ರ ಗೋರಿಯಿಂದ ಎದ್ದ ಬರ್ತಾಳ!"

ಹುಡುಗಿಯರು ಬಿದ್ದು ಬಿದ್ದು ನಕ್ಕರು. ಚಮನಬಿ ಹೊಸ ಮೊರವೊಂದನ್ನು ಗಂಗಾಬಾಯಿಯ ಮುಂದಿಟ್ಟಳು. ಅದರಲ್ಲಿ ಬಾಳೆಹಣ್ಣು.

"ನಿಮಗಂತ ಬ್ಯಾರೇ ತರಿಸೇನ್ರಿ. ನಮ್ಮ ಕೈ ಹತ್ತಿಲ್ಲ. ನಿಮ್ಮ ಮಡಿ ನಮಗ ಗೊತ್ತಿಲ್ಲೇನ್ರಿ?"

ಅಷ್ಟರಲ್ಲಿ ಮುಮತಾಜಬಿ ಒಂದು ಚೋಂಗೆ ಹಿಡಿದು ಬಂದಳು. "ನಾನ ಒತ್ತಿದ್ದೈತ್ರಿ," ಎಂದಳು. ಮುಂದೆ ಬರಲಿಲ್ಲ. ಎರಡು ಹೆಜ್ಜೆ ದೂರ ನಿಂತು, ತಾನು ಕಟ್ಟೆಯ ಮೇಲೆ ಚಾಚಿದ್ದ ಹಾಗೆಯೇ ಕೈ ಚಾಚಿದಳು.

"ಏ ಹುಚ್ಚಿ, ಅವರ ತಿನ್ನೂದಿಲ್ಲ!" ಎಂದು ತಾಯಿ ಗದರಿದಳು.

ಹುಡುಗಿಯರ ನಗು ನಿಂತಿತು. ಅದೇ ಇಯತ್ತೆಯಲ್ಲಿದ್ದ ಮೈದುನನ ಮಗಳು ನರ್ಮದಾ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಗಂಗಾಬಾಯಿ ಎದ್ದು, ಆ ಎರಡು ಹೆಜ್ಜೆ ತಾನೇ ಹೋಗಿ, ಚೋಂಗೆ ತೆಗೆದುಕೊಂಡು ಮುರಿದಳು. ತಿಂದಳು. ಬೆಲ್ಲ ಸಿಹಿಯಾಗಿತ್ತು.

ದಾರಿಯಲ್ಲಿ ನರ್ಮದಾ ಅವಳ ಸೆರಗು ಹಿಡಿದಳು. "ದೊಡ್ಡವ್ವ, ನಾ ಅಜ್ಜೀಗೆ ಹೇಳೂದಿಲ್ಲ."

ಪಡಸಾಲೆಯಲ್ಲಿ ವೆಂಕೂಬಾಯಿ ಕಾದಿದ್ದರು. ಸೊಸೆಯನ್ನಲ್ಲ, ಮೊಮ್ಮಗಳನ್ನು ಕೇಳಿದರು.

"ನಿಮ್ಮ ದೊಡ್ಡವ್ವ ಏನರ ತಿಂದಳೇನ?"

"ಇಲ್ಲಜ್ಜಿ. ಬರೇ ಬಾಳೆಹಣ್ಣ."

ನರ್ಮದಾ ತೊದಲಲಿಲ್ಲ. ಎಂಟು ವರ್ಷದ ಹುಡುಗಿಗೆ ಇಷ್ಟು ಸಲೀಸಾಗಿ ಸುಳ್ಳು ಬಂತಲ್ಲ ಎಂದು ಗಂಗಾಬಾಯಿ ಅವಳ ಮುಖವನ್ನೇ ನೋಡಿದಳು.

"ಚಲೋ ಆತು. ಲಗೂ ಮೈ ತೊಳಕೊಂಡು ಒಲಿ ಹೊತ್ತಸು. ದತ್ತಾತ್ರೇಯ ಹಸದ ಬರ್ತಾನ."

ಹಿತ್ತಲ ಕೋಣೆಯಲ್ಲಿ ಯಾರೂ ಇರಲಿಲ್ಲ. ಗಳದ ಮೇಲೆ ಮಡಿ ಸೀರೆ ಒಣಗಿ ಸೆಟೆದಿತ್ತು. ಇಳಿಸಿ ಉಟ್ಟರೆ ಮುಗಿಯಿತು: ಒಲೆ ಉಳಿಯುತ್ತದೆ, ಸೂರು ಉಳಿಯುತ್ತದೆ, ಸೋಮವಾರ ಶಾಲೆಯೂ ಉಳಿಯುತ್ತದೆ. ನರ್ಮದಾ ಬಾಯಿ ಬಿಡುವುದಿಲ್ಲ. ಗಂಗಾಬಾಯಿ ಕೋಲೆತ್ತಿ ಸೀರೆಯ ಮಡಿಕೆಗೆ ತಾಗಿಸಿದಳು. ಅಂಗೈಯಲ್ಲಿ ಇನ್ನೂ ತುಪ್ಪದ ಜಿಡ್ಡಿತ್ತು.

"ಗಂಗಾ, ಹೊತ್ತಸಿದ್ಯೇನ?"

ಅವಳು ಕೋಲನ್ನು ಮೂಲೆಗೆ ಒರಗಿಸಿದಳು. ನೀಲಿ ಅಂಚಿನ ಸೀರೆಯಲ್ಲೇ, ಅಡುಗೆಮನೆಯ ಹೊಸ್ತಿಲು ದಾಟದೆ, ಪಡಸಾಲೆಯಲ್ಲಿದ್ದ ಅತ್ತೆಯ ಎದುರಿಗೆ ನಡೆದಳು.