ಗೌರಮ್ಮನವರ ರೇಡಿಯೋ ಮತ್ತು ನನ್ನ ಗರಗಸದ ಅಲೆ

ಮೊನ್ನೆ ಜಯನಗರ ನಾಲ್ಕನೇ ಬ್ಲಾಕಿನ ಒಂದು ಮೊಬೈಲ್ ರಿಪೇರಿ ಅಂಗಡಿಯ ಮುಂದೆ ನಿಂತಿದ್ದಾಗ ಬೆಸುಗೆಯ ಹೊಗೆ ಮೂಗಿಗೆ ಬಡಿಯಿತು. ಹಳೆಯ ವಾಸನೆಗಳು ಕೆಲವರಿಗೆ ಅಜ್ಜಿಯನ್ನು ನೆನಪಿಗೆ ತರುತ್ತವಂತೆ. ನನಗೆ ಬಂದದ್ದು ಸಿಟ್ಟು. ಅದೂ ‘ಸಿಂಪಲ್’ ಎಂಬ ಒಂದು ಪದದ ಮೇಲಿನ, ಅರುವತ್ತು ವರ್ಷದ ಹಳೇ ಸಿಟ್ಟು.

ಆಗ ನಾನು ಒಂದು ಪಾಲಿಟೆಕ್ನಿಕ್ಕಿನಲ್ಲಿ ತಾತ್ಕಾಲಿಕ ಮೇಷ್ಟ್ರು. ಅಲ್ಲಿದ್ದ ಒಂದೇ ಒಂದು ಆಸಿಲೋಸ್ಕೋಪ್, ಅಂದರೆ ವಿದ್ಯುತ್ತಿನ ಅಲೆಯನ್ನು ಪರದೆಯ ಮೇಲೆ ತೋರಿಸುವ ಯಂತ್ರ, ಕೆಟ್ಟು ಕೂತಿತ್ತು. ಅದರ ಪರದೆಯ ಮೇಲೆ ಬೆಳಕಿನ ಚುಕ್ಕಿಯನ್ನು ಎಡದಿಂದ ಬಲಕ್ಕೆ ಎಳೆಯಲು ಒಂದು ವಿಶೇಷ ಅಲೆ ಬೇಕು. ಅದು ನಿಧಾನವಾಗಿ, ನೇರವಾಗಿ ಏರಬೇಕು, ತಟ್ಟನೆ ಬೀಳಬೇಕು, ಮತ್ತೆ ಏರಬೇಕು. ಬರೆದರೆ ಗರಗಸದ ಹಲ್ಲಿನ ಹಾಗೆ. ಆ ಅಲೆ ಹುಟ್ಟಿಸುವ ಭಾಗವೇ ಸತ್ತಿತ್ತು.

“ನೀವೇ ಒಂದು ಮಾಡಿಬಿಡಿ. ಸೆಕೆಂಡಿಗೆ ಒಂದು ಲಕ್ಷ ಹಲ್ಲು ಬಂದ್ರೆ ಸಾಕು. ಸಿಂಪಲ್ ಸರ್ಕ್ಯೂಟ್ ಕಣ್ರೀ,” ಎಂದರು ನಮ್ಮ ಮುಖ್ಯಸ್ಥರು, ಕಾಫಿ ಆರಿಸಿಕೊಳ್ಳುತ್ತ. “ತಿಂಗಳ ಕೊನೇಲಿ ಇನ್‌ಸ್ಪೆಕ್ಷನ್ ಇದೆ. ನಿಮ್ಮನ್ನ ಪರ್ಮನೆಂಟ್ ಮಾಡೋ ವಿಷ್ಯಾನೂ ಆಗ್ಲೇ ನೋಡೋಣ.”

ಕಾಗದದ ಮೇಲೆ ಸಿಂಪಲ್ಲೇ, ನಾನು ಇಲ್ಲವೆನ್ನುವುದಿಲ್ಲ. ಒಂದು ಕೆಪಾಸಿಟರಿನಲ್ಲಿ ವಿದ್ಯುತ್ತು ನಿಧಾನವಾಗಿ ತುಂಬುತ್ತದೆ, ರೇಡಿಯೋದಲ್ಲಿರುವಂಥ ಒಂದು ಗಾಜಿನ ವಾಲ್ವ್ ಅದನ್ನು ಒಮ್ಮೆಗೇ ಖಾಲಿ ಮಾಡುತ್ತದೆ. ಆದರೆ ಲಕ್ಷದ ವೇಗದಲ್ಲಿ ಸ್ವಾಮಿ, ಎಲ್ಲಕ್ಕೂ ಸೊಕ್ಕು ಬರುತ್ತದೆ. ತಂತಿ ಒಂದಿಂಚು ಉದ್ದವಾದರೆ ತಕರಾರು, ಹತ್ತಿರ ಬೆರಳು ತಂದರೆ ತಕರಾರು. ಹಗಲೆಲ್ಲ ಲ್ಯಾಬಿನಲ್ಲಿ ಪಾಠ. ಹಾಗಾಗಿ ಜಯನಗರದ ನನ್ನ ಬಾಡಿಗೆ ಕೋಣೆಯಲ್ಲಿ ಸಂಜೆ ಹೊತ್ತು ಕೂರುತ್ತಿದ್ದೆ. ವಾಲ್ವ್‌ಗಳಿಗಾಗಿ ನನ್ನ ಸ್ವಂತ ರೇಡಿಯೋವನ್ನೇ ಬಿಚ್ಚಿ ಹಾಕಿದ್ದೆ. ಇನ್ನೊಂದು ತಮಾಷೆ ನೋಡಿ. ಅಲೆ ಬಂದಿದೆಯೋ ಇಲ್ಲವೋ ಎಂದು ನೋಡಲು ಆಸಿಲೋಸ್ಕೋಪ್ ಬೇಕು. ಆಸಿಲೋಸ್ಕೋಪ್ ಓಡಲು ಈ ಅಲೆ ಬೇಕು. ಎರಡು ವಾರ ಕುರುಡನ ಹಾಗೆ ಬೆಸುಗೆ ಹಾಕಿದೆ, ಕಿತ್ತೆ, ಮತ್ತೆ ಹಾಕಿದೆ.

ಒಂದು ಸಂಜೆ ಯಾರೋ ಬಾಗಿಲು ದಬದಬ ಬಡಿದರು. ಮನೆಯೊಡತಿ ಗೌರಮ್ಮನವರು. ಐವತ್ತು ದಾಟಿದ ವಿಧವೆ, ಹಣೆ ತುಂಬ ವಿಭೂತಿ, ಮಾತು ಖಡಕ್.

“ಏನ್ ಮೇಷ್ಟ್ರೇ ಅದು? ನಮ್ ರೇಡಿಯೋ ಗೊಂಯ್ ಅಂತ ಒಂದೇ ಸಮ ಬಡ್ಕೊಳ್ತಾ ಇದೆ!”

“ನಿಜವಾಗ್ಲೂ ಬಡ್ಕೊಳ್ತಾ ಇದೆಯಾ?” ಎಂದೆ, ಹಲ್ಲು ಕಿರಿದು. ಅಲೆ ಹುಟ್ಟಿದೆ ಎನ್ನುವುದಕ್ಕೆ ಸಿಕ್ಕ ಮೊದಲ ಸಾಕ್ಷಿ ಅದು. “ಮುಳ್ಳು ತಿರುಗಿಸಿದ್ರೆ ಬೇರೆ ಕಡೇಲೂ ಬರತ್ತಾ? ಎಷ್ಟೆಷ್ಟು ದೂರಕ್ಕೆ?”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಹೊರಟುಹೋದರು. ಮರುದಿನ ಮತ್ತೆ ಬಂದರು, ಬೈದರು. ನಾನು ಮತ್ತೆ ಅದೇ ಪ್ರಶ್ನೆ ಕೇಳಿದೆ. ಎಂಥ ಮುದುಕಿಯಪ್ಪ, ಒಂದು ವಾರ ರೇಡಿಯೋ ಕೇಳದಿದ್ದರೆ ಏನು ಮುಳುಗಿಹೋಗುತ್ತದೆ ಎಂದು ನನ್ನಷ್ಟಕ್ಕೆ ಗೊಣಗಿದೆ.

ಮೂರನೆಯ ಸಂಜೆ ಅವರು ಬಾಗಿಲು ಬಡಿಯಲಿಲ್ಲ. ನಾನು ನೀರು ತರಲು ಹೊರಗೆ ಬಂದರೆ ಅಂಗಳದ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದರು. ಒಳಗೆ ರೇಡಿಯೋ ಗೊಂಯ್ ಎನ್ನುತ್ತಿತ್ತು.

“ವಾರ್ತೆ ಟೈಮು ಮೇಷ್ಟ್ರೇ,” ಎಂದರು ಮೆಲ್ಲಗೆ. “ನಮ್ ರುದ್ರೇಶ ಗಡೀಲಿದಾನೆ. ಕಾಗದ ಬಂದು ಇಪ್ಪತ್ತು ದಿನ ಆಯ್ತು.”

ಅದು ಪಾಕಿಸ್ತಾನದೊಡನೆ ಯುದ್ಧ ನಡೆಯುತ್ತಿದ್ದ ಸಮಯ. ಕಾಲೇಜಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು, ನಾನೂ ಆಡಿದ್ದೆ. ಎಂಟು ತಿಂಗಳು ಅದೇ ಮನೆಯಲ್ಲಿದ್ದೂ ಆಕೆಗೊಬ್ಬ ಮಗನಿದ್ದಾನೆಂದು ಮಾತ್ರ ನನಗೆ ಗೊತ್ತಿರಲಿಲ್ಲ. ಒಳಗೆ ಓಡಿ ಪ್ಲಗ್ ಕಿತ್ತೆ. ಗೊಂಯ್ ನಿಂತು ವಾರ್ತೆಯ ಕೊನೆಯ ಎರಡು ವಾಕ್ಯ ಕೇಳಿಸಿದವು. ಅವು ಹವಾಮಾನದವು.

ಆಮೇಲೆ ನಾನು ಸಂಜೆ ಕೆಲಸ ಮಾಡಲಿಲ್ಲ, ರಾತ್ರಿಯೂ ಮಾಡಲಿಲ್ಲ. ಮುಖ್ಯಸ್ಥರು ದಿನವೂ ಕೇಳುತ್ತಿದ್ದರು, “ಇನ್ನೂ ಆಗ್ಲಿಲ್ವೇನ್ರೀ? ಅಷ್ಟು ಸಿಂಪಲ್ಲು!” ಹಲ್ಲು ಕಚ್ಚಿಕೊಂಡು ತಲೆಯಾಡಿಸುತ್ತಿದ್ದೆ. ಕೆಲಸ ಹೋಯಿತೆಂದೇ ಲೆಕ್ಕ. ವಾರ್ತೆಯ ಹೊತ್ತಿಗೆ ನಾನೂ ಗೌರಮ್ಮನವರ ಪಡಸಾಲೆಯಲ್ಲಿ ಹೋಗಿ ಕೂರತೊಡಗಿದ್ದೆ. ವಾರ್ತೆ ಮುಗಿದ ಮೇಲೂ, ಇನ್ನೇನಾದರೂ ಸುದ್ದಿ ಬಂದೀತೆಂದು ಅವರು ಮಲಗುವವರೆಗೂ ರೇಡಿಯೋ ಹಾಕಿಯೇ ಇಡುತ್ತಿದ್ದರು.

ಇನ್‌ಸ್ಪೆಕ್ಷನ್ನಿಗೆ ಮೂರು ದಿನವಿತ್ತು. ಸಂಜೆ ಗೌರಮ್ಮನವರು ಆ ಭಾರದ ರೇಡಿಯೋವನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಏದುಸಿರು ಬಿಡುತ್ತ ನನ್ನ ಕೋಣೆಗೇ ಬಂದರು. ಸೊಂಟದಲ್ಲಿ ಒಂದು ಕಾಗದ ಸಿಕ್ಕಿಸಿಕೊಂಡಿದ್ದರು.

“ಚೆನ್ನಾಗಿದಾನಂತೆ ಕಣಪ್ಪಾ. ಕಾಲಿಗೆ ಸ್ವಲ್ಪ ಪೆಟ್ಟು, ಅಷ್ಟೇ. ಇವತ್ತು ವಾರ್ತೆ ಬೇಡ ನಂಗೆ. ತಗೊಳಿ, ನಿಮ್ ಗೊಂಯ್ ಎಲ್ಲೆಲ್ಲಿ ಬರತ್ತೋ ನೋಡ್ಕೊಳಿ.”

ರೇಡಿಯೋದ ಅಂಕಿಪಟ್ಟಿಯ ಮೇಲೆ ಒಂದು ಗೊಂಯ್‌ಗೂ ಮುಂದಿನದಕ್ಕೂ ಇರುವ ಅಂತರವೇ ನನ್ನ ಅಲೆಯ ವೇಗ. ಅವರು ಮುಳ್ಳು ತಿರುಗಿಸಿದರು, ನಾನು ಬರೆದುಕೊಂಡೆ. ಎಪ್ಪತ್ತು ಸಾವಿರ! ಕೆಪಾಸಿಟರ್ ಬದಲಿಸಿದೆ. ಮತ್ತೆ ತಿರುಗಿಸಿದರು. ನಾಲ್ಕನೆಯ ಸಲಕ್ಕೆ ಲಕ್ಷ ಬಂತು.

“ಇಷ್ಟಕ್ಕೇನಾ ಇಷ್ಟೊಂದು ಗಲಾಟೆ?” ಎಂದರು ಗೌರಮ್ಮ.

ಕಾಲೇಜಿನ ಪರದೆಯ ಮೇಲೆ ಚುಕ್ಕಿ ಗೆರೆಯಾಗಿ ಓಡಿತು. ಗೆರೆಯ ಬಲತುದಿ ಕೊಂಚ ದಟ್ಟವಾಗಿತ್ತು, ಅಂದರೆ ಹಲ್ಲುಗಳು ಪೂರ್ತಿ ನೇರವಿರಲಿಲ್ಲ. ಇನ್‌ಸ್ಪೆಕ್ಷನ್ನಿಗೆ ಬಂದವರು ಆ ಕಡೆ ತಿರುಗಿಯೂ ನೋಡಲಿಲ್ಲ, ಉಪ್ಪಿಟ್ಟು ತಿಂದು ಹೋದರು. ಹೇಗೋ ಕೆಲಸ ಖಾಯಂ ಆಯಿತು.

ಆಗ ಸರ್ಕ್ಯೂಟಿನ ಬಗ್ಗೆ ಒಂದು ವರದಿ ಬರೆದುಕೊಟ್ಟೆ. ‘ಬಳಸಿದ ಉಪಕರಣಗಳು’ ಎಂಬಲ್ಲಿ ‘ಮಲ್ಟಿಮೀಟರ್ ಒಂದು’ ಎಂದಷ್ಟೇ ಬರೆದಿದ್ದೆ. ಅದು ನಿಜವಲ್ಲ. ಆ ವರದಿ ಈಗ ಎಲ್ಲಿದೆಯೋ, ಗೌರಮ್ಮನವರೂ ಇಲ್ಲ. ಮೊನ್ನೆ ಅಂಗಡಿಯಿಂದ ಮನೆಗೆ ಬಂದವನೇ, ಸಿಟ್ಟೆಲ್ಲ ಇಳಿದ ಮೇಲೆ, ಒಂದು ಹಾಳೆ ತೆಗೆದುಕೊಂಡು ಬರೆದೆ: ಮಲ್ಟಿಮೀಟರ್ ಒಂದು, ರೇಡಿಯೋ ಒಂದು, ಗೌರಮ್ಮನವರು.