ಲೈನ್ ಟೂ ಅಕ್ಕನಿಗೆ ಕೊಟ್ಟ ಕುಂಕುಮ

ಮೊನ್ನೆ ಸೇಫ್ಟಿ ಪಿನ್ ಹುಡುಕುತ್ತಾ ಶೋಕೇಸಿನ ಕೆಳಗಿನ ಡ್ರಾಯರ್ ಎಳೆದೆ. ಪಿನ್ ಸಿಗಲಿಲ್ಲ. ಹಳೆಯ ಕರ್ಚೀಫಿನಲ್ಲಿ ಸುತ್ತಿಟ್ಟಿದ್ದ ಬೆಳ್ಳಿಯ ಜೋಡಿ ಬಟ್ಟಲು ಸಿಕ್ಕಿತು, ಒಂದರಲ್ಲಿ ಅರಿಸಿನ, ಒಂದರಲ್ಲಿ ಕುಂಕುಮ. ಕುಂಕುಮ ಗಟ್ಟಿಯಾಗಿ ತಳಕ್ಕೆ ಅಂಟಿಕೊಂಡಿತ್ತು. ಮುಚ್ಚಳ ತೆಗೆದಾಗ ಅರಿಸಿನದ ವಾಸನೆಯ ಜೊತೆಗೆ ಹುಲ್ಲಿನಲ್ಲಿ ಹಣ್ಣಾಗುತ್ತಿರುವ ಮಾವಿನಕಾಯಿಯ ವಾಸನೆಯೂ ಬಂತು. ಇಷ್ಟು ವರ್ಷ ಅದು ಹೇಗೆ ಉಳಿದೀತು, ನನ್ನ ಇಮ್ಯಾಜಿನೇಷನ್ ಇರಬೇಕು... ಆದರೂ ಮೂಗಿಗೆ ಬಂದದ್ದು ನಿಜ. ಅದರ ಹಿಂದೆಯೇ ನಮ್ಮ ಮಹಡಿ ಮನೆಯ ಹುಡುಗಿಯೂ ಮೆಟ್ಟಿಲಿಳಿದು ಬಂದಳು.

ಅವಳು ಬಾಡಿಗೆಗೆ ಬಂದದ್ದು ಕೊರೊನಾಕ್ಕೆ ಮುಂಚೆ. ನಮ್ಮವರು ತೀರಿಕೊಂಡ ಮೇಲೆ ಕೋಲಾರದ ಈ ಮನೆಯಲ್ಲಿ ನಾನೊಬ್ಬಳೇ. ಮಕ್ಕಳಿಲ್ಲ. ಮೇಲೆ ಒಂದು ರೂಮು, ಒಂದು ಅಡುಗೆಮನೆ ಖಾಲಿ ಬಿದ್ದಿತ್ತು. ಅವಳು ರಾಯಲ್ಪಾಡಿನ ಕಡೆಯವಳು, ಮನೆಮಾತು ತೆಲುಗು, ಅಪ್ಪನಿಗೆ ಮಾವಿನ ತೋಟ. ಮಾಲೂರಿನ ಕಡೆ ಒಂದು ಫ್ಯಾಕ್ಟರಿಯ ಎಚ್ ಆರ್ ವಿಭಾಗದಲ್ಲಿ ಕೆಲಸ ಸಿಕ್ಕಿತ್ತು. ಕಾರಿನ ಒಳಗೆ ಹೋಗುವ ವೈರುಗಳನ್ನು ಅಲ್ಲಿ ಹೆಂಗಸರು ಬೋರ್ಡಿನ ಮುಂದೆ ನಿಂತು, ಜಡೆ ಹೆಣೆದ ಹಾಗೆ, ಕಂತೆ ಕಟ್ಟುತ್ತಾರಂತೆ.

"ಕೆಲಸ ಪರ್ಮನೆಂಟೇನಮ್ಮ?" ಎಂದು ಕೇಳಿದ್ದೆ. ಮನೆ ಕೊಡುವವರು ಎಲ್ಲರೂ ಕೇಳುವ ಮಾತು.

"ಸದ್ಯಕ್ಕೆ ಪ್ರೊಬೇಷನ್ ಆಂಟಿ. ಆದ್ರೆ ಕುರ್ಚಿ ಹಿಂದೆ ನನ್ ಹೆಸ್ರು ಬರ್ಕೊಂಡಿದ್ದೀನಿ, ಚಾಕ್‌ಪೀಸಲ್ಲಿ," ಎಂದು ನಕ್ಕಳು. ಆ ನಗುವಿಗೇ ಮನೆ ಕೊಟ್ಟೆನೋ ಏನೋ.

ಸಂಜೆ ಕಂಪನಿ ಬಸ್ಸು ಸರ್ಕಲ್ಲಿನಲ್ಲಿ ಇಳಿಸುತ್ತಿತ್ತು. ನಾನು ಅಷ್ಟು ಹೊತ್ತಿಗೆ ಕಾಫಿಗೆ ನೀರಿಟ್ಟಿರುತ್ತಿದ್ದೆ. ಅವಳು ಬರೆದ ಇಂಗ್ಲಿಷ್ ಇ-ಮೇಲ್‌ಗಳನ್ನು ನನಗೆ ಓದಿ ಹೇಳುವಳು, ನಾನು ತಿದ್ದುವೆ. ಕಾನ್ವೆಂಟಿನಲ್ಲಿ ಸಿಸ್ಟರ್ ರೂಲರಿನಿಂದ ಬೆರಳಿಗೆ ಕೊಟ್ಟು ಕಲಿಸಿದ ಗ್ರಾಮರ್, ಮುದುಕಿಯಾದ ಮೇಲೆ ಒಬ್ಬರಿಗಾದರೂ ಉಪಯೋಗಕ್ಕೆ ಬಂತು. ರೇಡಿಯೋ ಬಿಟ್ಟರೆ ಈ ಮನೆಯಲ್ಲಿ ಮಾತಾಡುತ್ತಿದ್ದವಳು ಅವಳೊಬ್ಬಳೇ.

ಆ ಬೇಸಿಗೆಯಲ್ಲಿ ಕಾರು ಕೊಳ್ಳುವವರೇ ಇಲ್ಲ ಎಂದು ಪೇಪರಿನಲ್ಲಿ ಬರತೊಡಗಿತು. ಮೊದಲು ಓವರ್‌ಟೈಮ್ ನಿಂತಿತು. ಆಮೇಲೆ ರಾತ್ರಿ ಪಾಳಿ. ಒಂದು ದಿನ ಬಂದವಳೇ ಚಪ್ಪಲಿ ಬಿಡುತ್ತಾ, "ಕ್ಯಾಂಟೀನಲ್ಲಿ ಟೀ ಜೊತೆ ಬಿಸ್ಕೆಟ್ ನಿಲ್ಸಿದ್ರು ಆಂಟಿ. ಬಿಸ್ಕೆಟ್ ಹೋಯ್ತು ಅಂದ್ರೆ ಇನ್ ಮನುಷ್ಯರು ಹೋಗ್ತಾರೆ," ಎಂದಳು. ತಮಾಷೆಗೆ ಹೇಳಿದ್ದು. ವಾರ ಕಳೆಯುವುದರೊಳಗೆ ನಿಜವಾಯಿತು.

ಲೈನ್ ಟೂ, ಅಂದರೆ ವೈರು ಕಟ್ಟುವ ಎರಡನೇ ಸಾಲು, ಮುಚ್ಚುತ್ತಾರೆ ಎಂದಾಯಿತು. ಅಲ್ಲಿದ್ದವರೆಲ್ಲ ಕಾಂಟ್ರ್ಯಾಕ್ಟ್ ಹೆಂಗಸರು. ಒಬ್ಬೊಬ್ಬರನ್ನೇ ಒಂದು ಚಿಕ್ಕ ರೂಮಿಗೆ ಕರೆಸಿ ವಿಷಯ ಹೇಳಬೇಕು. ತೆಲುಗು ಬರುತ್ತದೆ ಎಂದು ಆ ಕೆಲಸ ಇವಳ ತಲೆಗೆ ಬಿತ್ತು. ಗಲಾಟೆಯಿಲ್ಲದೆ ಮುಗಿಸಿದರೆ ನಿನ್ನ ಕನ್ಫರ್ಮೇಷನ್ ಮಾಡುತ್ತೇವೆ ಎಂದು ಮ್ಯಾನೇಜರ್ ಹೇಳಿದ್ದರಂತೆ. ಅದನ್ನು ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. ಕಾಫಿ ಲೋಟದ ಅಂಚನ್ನು ಬೆರಳಿನಿಂದ ಸುಮ್ಮನೆ ತಿಕ್ಕುತ್ತಿದ್ದಳು.

"ಹೆಂಗ್ ಹೇಳೋದು ಆಂಟಿ? ಹೆಡ್ ಆಫೀಸಿಂದ ಇಂಗ್ಲಿಷಲ್ಲಿ ಕಳ್ಸಿದ್ದಾರೆ. ಅದನ್ನ ಹಂಗೇ ಹೇಳಿದ್ರೆ ಹೊಡೀತಾರೆ."

"ಪ್ರಾಕ್ಟೀಸ್ ಮಾಡು. ನಾನು ಅವರ ಹಾಗೆ ಕೂತ್ಕೋತೀನಿ," ಎಂದೆ. ಸ್ಕೂಲಿನಲ್ಲಿ ನಾಟಕಕ್ಕೆ ಬಣ್ಣ ಹಚ್ಚಿದವಳು ನಾನು, ಆ ಹುಚ್ಚು ಎಲ್ಲಿ ಹೋಗುತ್ತದೆ.

ಡೈನಿಂಗ್ ಟೇಬಲ್ಲಿನ ಆ ಕಡೆ ಅವಳು, ಈ ಕಡೆ ಲೈನ್ ಟೂ ಅಕ್ಕನಾಗಿ ನಾನು.

"ಕೂತ್ಕೊಳ್ಳಿ ಅಕ್ಕ."

"ಯಾಕಮ್ಮ ಕರೆಸ್ದೆ? ವೈರೆಲ್ಲ ಬೋರ್ಡ್ ಮೇಲೆ ಹಂಗೇ ಬಿಟ್ ಬಂದಿವ್ನಿ," ಎಂದೆ, ನಮ್ಮ ಹಾಲಿನವಳ ದನಿಯಲ್ಲಿ.

"ಕಂಪನಿಗೆ ಈಗ ಆರ್ಡರ್ ಇಲ್ಲ ಅಕ್ಕ..."

"ಅದಕ್ಕೆ ನಾನೇನ್ ಮಾಡ್ಲಿ? ನಾನ್ ಹೋಗಿ ಕಾರ್ ತಗೊಳ್ಳಾ?"

ಅವಳು ಟೇಬಲ್ಲಿನ ಮೇಲೆ ತಲೆಯಿಟ್ಟು ನಕ್ಕಳು. "ನೀವ್ ಹಿಂಗೆಲ್ಲ ಕೇಳಿದ್ರೆ ನಾನೇ ಕೆಲ್ಸ ಬಿಟ್ಬಿಡ್ತೀನಿ ಆಂಟಿ."

"ಅವರು ಇದಕ್ಕಿಂತ ಚೆನ್ನಾಗಿ ಕೇಳ್ತಾರೆ ಕಣೇ. ಮುಂದಕ್ಕೆ ಹೇಳು."

ಅವಳು ಹೇಳಿದಳು. ನಾಳೆಯಿಂದ ಬರುವುದು ಬೇಡ, ಬಾಕಿ ಸಂಬಳ ಬರುತ್ತದೆ, ಗುರುತಿನ ಕಾರ್ಡು ಗೇಟಿನಲ್ಲಿ ಕೊಟ್ಟು ಹೋಗಿ. ಸೆರಗು ಸರಿಮಾಡಿಕೊಂಡು ಎದ್ದು ಬಾಗಿಲ ಕಡೆ ನಡೆದೆ. ಬರೀ ಆ್ಯಕ್ಟಿಂಗ್, ಆದರೂ ಹೊಸ್ತಿಲವರೆಗೂ ಹೋಗಿಬಿಟ್ಟೆ.

"ಇರಿ ಅಕ್ಕ," ಎಂದಳು ಹಿಂದಿನಿಂದ.

ತಿರುಗಿ ನೋಡಿದರೆ ಶೋಕೇಸಿನಿಂದ ಈ ಬಟ್ಟಲು ತಂದು ಹಿಡಿದಿದ್ದಾಳೆ. ಮನೆಯಿಂದ ಹೊರಟ ಹೆಣ್ಣುಮಗಳನ್ನು ಬರಿಹಣೆಯಲ್ಲಿ ಕಳಿಸಬಾರದು ಎಂಬುದು ಅವಳ ಕೈಗೇ ಅಭ್ಯಾಸವಾಗಿತ್ತು, ಯೋಚಿಸಿ ಮಾಡಿದ್ದಲ್ಲ. ಮರುಗಳಿಗೆ ನಾನು ಯಾರೆಂಬುದು ಅವಳಿಗೆ ನೆನಪಾಯಿತು. ಕೈ ಅಲ್ಲೇ ನಿಂತಿತು. ನಮ್ಮವರು ಹೋದ ಮೇಲೆ ನನ್ನ ಮುಂದೆ ಯಾರೂ ಕುಂಕುಮದ ಬಟ್ಟಲು ಹಿಡಿದಿರಲಿಲ್ಲ. ಹಬ್ಬ, ನಾಮಕರಣ, ಎಲ್ಲಿ ಹೋದರೂ ನನ್ನ ಹತ್ತಿರ ಬರುವ ಹೊತ್ತಿಗೆ ತಟ್ಟೆ ಮೆಲ್ಲಗೆ ಪಕ್ಕಕ್ಕೆ ತಿರುಗುತ್ತಿತ್ತು. ನಾನೂ ಆಗ ಕಿಟಕಿಯ ಕಡೆ ನೋಡುವುದನ್ನು ಕಲಿತಿದ್ದೆ.

"ನನಗೆ ಕೊಡ್ತೀಯೇನೇ?" ಎಂದೆ.

ಅವಳು ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. "ನೀವೀಗ ಆಂಟಿ ಅಲ್ವಲ್ಲ," ಎಂದಳು. "ಲೈನ್ ಟೂ ಅಕ್ಕ. ತಗೊಳ್ಳಿ."

ತಗೊಂಡೆ. ಆ ರಾತ್ರಿ ಮುಖ ತೊಳೆಯದೆಯೇ ಮಲಗಿದೆ ಅಂತ ನೆನಪು...

ಮಾರನೆಯ ದಿನ ಅವಳು ಬಟ್ಟಲನ್ನು ಕೇಳಿ ತೆಗೆದುಕೊಂಡು ಹೋದಳು. ಅಪ್ಪ ಕಳಿಸಿದ್ದ ಮಾವಿನಹಣ್ಣುಗಳು ಮೇಲಿನ ರೂಮಿನಲ್ಲಿ ಹುಲ್ಲಿನೊಳಗಿದ್ದವು, ಅವನ್ನೂ ಎರಡು ಚೀಲಕ್ಕೆ ತುಂಬಿಸಿಕೊಂಡಳು. "ಆಫೀಸು ಕಣೇ ಅದು, ಪ್ರಾಪರ್ ಅಲ್ಲ," ಎಂದೆ. "ಗ್ಯಾಸ್ ರಿಪೇರಿಗೆ ಬಂದೋನ್ನೂ ನೀವ್ ಕಾಫಿ ಕೊಡ್ದೆ ಕಳ್ಸಲ್ಲ. ಇವ್ರು ಎಷ್ಟ್ ವರ್ಷದಿಂದ ಬರ್ತಿರೋರು," ಎಂದು ಬಸ್ಸಿಗೆ ಓಡಿದಳು.

ಸಂಜೆ ಬಟ್ಟಲನ್ನು ನನ್ನ ಕೈಗೆ ಕೊಟ್ಟು, ಒಳಗೆ ಬರದೆ ಮೆಟ್ಟಿಲ ಮೇಲೇ ಕೂತಳು. ಕಾಫಿ ಅಲ್ಲಿಗೇ ಒಯ್ದುಕೊಟ್ಟೆ. ಕೆಲವರು ಅತ್ತರಂತೆ. ಕೆಲವರು ಕುಂಕುಮವಿಟ್ಟುಕೊಂಡು ಇವಳನ್ನೇ ಸಮಾಧಾನ ಮಾಡಿದರಂತೆ. ಮುಳಬಾಗಿಲಿನ ಮುಸ್ಲಿಂ ಹುಡುಗಿಯೊಬ್ಬಳು ಕುಂಕುಮ ಬೇಡವೆಂದು ಹಣ್ಣನ್ನು ಮಾತ್ರ ವೇಲಿನ ತುದಿಗೆ ಕಟ್ಟಿಕೊಂಡಳಂತೆ. ವಕ್ಕಲೇರಿಯ ಒಬ್ಬ ಹಿರಿಯ ಹೆಂಗಸು ಮಾತ್ರ ಬಟ್ಟಲನ್ನು ಕೈಯಿಂದ ಸರಿಸಿ, "ಕೆಲ್ಸ ಕಿತ್ಕೊಂಡು ಕುಂಕುಮ ಕೊಡ್ತೀಯೇನಮ್ಮ? ಇದನ್ನೇನು ಮಕ್ಕಳ ತಟ್ಟೆಗೆ ಹಾಕ್ಲಾ? ಹಣ್ಣು ಕೊಡು, ತಿನ್ನೋಕಾದ್ರೂ ಆಗ್ತದೆ," ಎಂದಳಂತೆ.

"ಅವ್ರು ಹೇಳಿದ್ದು ಕರೆಕ್ಟ್ ಆಂಟಿ," ಎಂದಳು ಹುಡುಗಿ. ಬಹಳ ಹೊತ್ತು ಕಾಫಿ ಮುಟ್ಟಲಿಲ್ಲ.

ಅರ್ಧ ಜನ ಮುಗಿಯುವ ಹೊತ್ತಿಗೆ ಹಣ್ಣಿನ ವಾಸನೆ ಕಾರಿಡಾರಿಗೆ ಹಬ್ಬಿ ಮ್ಯಾನೇಜರ್ ಬಂದರಂತೆ. ಇದೇನು ವೆಡ್ಡಿಂಗ್ ರಿಸೆಪ್ಷನ್ನಾ ಎಂದು ಎಲ್ಲರ ಮುಂದೆ ಕೇಳಿದರಂತೆ. ಉಳಿದವರಿಗೆ ಇವಳು ಗೇಟಿನ ಹೊರಗೆ, ಬಸ್ಸಿನ ಪಕ್ಕ ನಿಂತು ಕೊಟ್ಟಳಂತೆ. ಗಲಾಟೆ ಆಗಲಿಲ್ಲ. ಆದರೆ ಪ್ರೊಫೆಷನಲ್ ಅಲ್ಲ ಎಂಬ ಮಾತು ಬಂತು.

ಕನ್ಫರ್ಮೇಷನ್ ಬರಲಿಲ್ಲ. ಮಾವಿನ ಕಾಲ ಮುಗಿಯುತ್ತಾ ಬಂದಾಗ, ಒಂದು ರಜೆಯ ದಿನ, ಅವಳಿಗೆ ಆಫೀಸಿನಿಂದ ಫೋನ್ ಬಂತು. ಮೆಟ್ಟಿಲ ಮೇಲೆ ನಿಂತು ಮಾತಾಡಿದ್ದು ನನಗೆ ಅಡುಗೆಮನೆಗೆ ಕೇಳುತ್ತಿತ್ತು. ಯೆಸ್ ಸರ್. ಓಕೆ ಸರ್. ಥ್ಯಾಂಕ್ಯೂ ಸರ್. ಒಳಗೆ ಬಂದು ಗೋಡೆಗೆ ಒರಗಿದಳು.

"ಥ್ಯಾಂಕ್ಯೂ ಅಂದ್ಬಿಟ್ಟೆ ಆಂಟಿ. ಯಾತಕ್ಕಂದೆ ಅಂತ ಗೊತ್ತಾಗ್ತಿಲ್ಲ." ಆಮೇಲೆ ತನಗೆ ತಾನೇ, ಅವರ ಮನೆಮಾತಿನಲ್ಲಿ, "ಏಂ ಚೇಸೇದಿ..." ಎಂದಳು. ಏನು ಮಾಡೋದು.

ಅವಳ ಕೆಲಸ ಕುಂಕುಮ ಕೊಟ್ಟದ್ದಕ್ಕೆ ಹೋಯಿತೋ, ಹೇಗಿದ್ದರೂ ಹೋಗುತ್ತಿತ್ತೋ, ನನಗೆ ಇವತ್ತಿಗೂ ತಿಳಿಯದು. ಫೈಲು ಹಿಡಿದುಕೊಂಡು ನರಸಾಪುರ, ವೇಮಗಲ್ ಎಂದು ಫ್ಯಾಕ್ಟರಿ ಫ್ಯಾಕ್ಟರಿ ಅಲೆದಳು. ಎಲ್ಲ ಕಡೆ ಆಮೇಲೆ ಕರೆಯುತ್ತೇವೆ ಎಂದರು. ಕರೆದವರಿಲ್ಲ. ಕೊನೆಗೆ ಊರಿಗೆ ಹೊರಟಳು.

ಅವಳ ಅಣ್ಣ ಲಗೇಜ್ ಆಟೋ ತಂದಿದ್ದ. ಹಾಸಿಗೆ, ಬಕೆಟ್ಟು, ಸ್ಟವ್ ಎಲ್ಲ ಏರಿದವು. ನಾನು ಬಾಗಿಲಲ್ಲಿ ನಿಂತಿದ್ದೆ. ಬಟ್ಟಲು ಸೆರಗಿನೊಳಗಿತ್ತು. ಮದುವೆಯಾಗಬೇಕಾದ ಹುಡುಗಿ, ಪಕ್ಕದಲ್ಲಿ ಅಣ್ಣ ನೋಡುತ್ತಿದ್ದಾನೆ, ನನ್ನಂಥವಳ ಕೈಯಿಂದ ಕುಂಕುಮ ಅಂದರೆ... ಕೈ ಹೊರಗೆ ಬರಲಿಲ್ಲ. ಅವಳೇ ಹತ್ತಿರ ಬಂದಳು.

"ಯಾಕ್ ಹಂಗ್ ನಿಂತಿದ್ದೀರಾ? ಇವತ್ತು ನೀವು ಎಚ್ ಆರ್, ನಾನು ಲೈನ್ ಟೂ," ಎಂದು ಹಣೆ ಮುಂದೆ ಮಾಡಿದಳು.

ನಾನೇ ಇಟ್ಟೆ. ಸ್ವಲ್ಪ ಕುಂಕುಮ ಅವಳ ಮೂಗಿನ ಮೇಲೆ ಉದುರಿತು. ಅಣ್ಣ ಆಟೋ ಕಡೆ ತಿರುಗಿಕೊಂಡ. ಅವಳು ಒರೆಸಿಕೊಳ್ಳಲಿಲ್ಲ, "ಬರ್ತೀನಿ ಆಂಟಿ," ಎಂದು ಹತ್ತಿ ಕೂತಳು.

ಮೊದಮೊದಲು ಭಾನುವಾರ ಫೋನ್ ಮಾಡುತ್ತಿದ್ದಳು. ಆಮೇಲೆ ಕೊರೊನಾ ಬಂತು. ಆಮೇಲೆ ಆ ನಂಬರು ಚಾಲ್ತಿಯಲ್ಲಿಲ್ಲ ಎಂದು ಒಂದು ಹೆಣ್ಣು ದನಿ ಹೇಳತೊಡಗಿತು, ಕನ್ನಡದಲ್ಲೂ ಇಂಗ್ಲಿಷಿನಲ್ಲೂ, ಬಹಳ ವಿನಯವಾಗಿ. ಮದನಪಲ್ಲಿಯಲ್ಲಿ ಯಾವುದೋ ಬಟ್ಟೆ ಅಂಗಡಿಯಲ್ಲಿ ನೋಡಿದೆವು ಎಂದು ಯಾರೋ ಹೇಳಿದರು. ಅವಳೇ ಇರಬಹುದು, ಅಲ್ಲದೆಯೂ ಇರಬಹುದು. ಮಹಡಿ ಮನೆಗೆ ಈಗಲೂ ಜನ ಕೇಳಿಕೊಂಡು ಬರುತ್ತಾರೆ. ಕೆಲಸ ಪರ್ಮನೆಂಟೇ ಎಂದು ನಾನು ಈಗ ಕೇಳುವುದಿಲ್ಲ. ಮನೆಯನ್ನೂ ಕೊಟ್ಟಿಲ್ಲ.

ನಿನ್ನೆ ಸಂಜೆ ಬಟ್ಟಲನ್ನು ಟೇಬಲ್ಲಿನ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಕತ್ತಲಾಯಿತು. ಬೋಲ್ಟ್ ಹಾಕಲು ಎದ್ದು, ಸೆರಗು ಸರಿಮಾಡಿಕೊಂಡು, ಬಾಗಿಲವರೆಗೆ ನಡೆದೆ. ಅಲ್ಲಿ ಸ್ವಲ್ಪ ನಿಂತೆ. ಇರಿ ಅಕ್ಕ ಎಂದು ಹಿಂದಿನಿಂದ ಯಾರೂ ಕರೆಯಲಿಲ್ಲ. ಬೋಲ್ಟ್ ಹಾಕಿ ಒಳಗೆ ಬಂದೆ.