ಹಾರ್ನಿನ ಹಿಮ್ಮೇಳ

ಆ ಕ್ಯಾಸೆಟ್ಟಿನ ಎರಡನೇ ಮಗ್ಗುಲಿನ ಮೂರನೆಯ ಹಾಡು ಶುರುವಾದರೆ ಇವತ್ತಿಗೂ ನನ್ನ ಬಲಗಾಲು ತಾನಾಗಿ ನೆಲ ಒತ್ತುತ್ತದೆ. "ಬ್ರೇಕ್ ಹತ್ತಿತೇನ್ರಿ?" ಎನ್ನುತ್ತಾಳೆ ಹೆಂಡತಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

ಅಮೆರಿಕದ ಕಪ್ಪು ಗಾಯಕರ ಸೋಲ್ ಎನ್ನುವ, ಎದೆ ಬಿಚ್ಚಿ ಕೂಗುವ ಧಾಟಿಯ ಹಳೆಯ ಹಾಡುಗಳನ್ನು ಆಯ್ದು ಕೂಡಿಸಿದ ಕ್ಯಾಸೆಟ್ ಅದು, ಧಾರವಾಡದಲ್ಲಿ ಎಂ.ಎ. ಓದುವಾಗ ಕೊಂಡದ್ದು. ಒಬ್ಬನೇ ಗಾಯಕನ ಕ್ಯಾಸೆಟ್ಟಾದರೆ ಒಂದು ಚಲೋ ಹಾಡಿನ ಸಲುವಾಗಿ ನಾಲ್ಕು ಸಪ್ಪನೆಯವನ್ನು ಸಹಿಸಬೇಕು. ಇದರಲ್ಲಿ ಆ ತ್ರಾಸಿಲ್ಲ. ಒಬ್ಬ ಗೋಗರೆಯುತ್ತಾನೆ, ಮುಂದಿನವಳು ಗದರುತ್ತಾಳೆ. ಇಬ್ಬರೂ ಜನ್ಮದಲ್ಲಿ ಭೇಟಿಯಾಗಿರಲಿಕ್ಕಿಲ್ಲ, ಆದರೂ ಅವನಿಗೇ ಬೈದಂತೆ ಕೇಳುತ್ತದೆ. ಮೂರನೆಯವನ ಹಾಡು ನನಗೆ ಎಲ್ಲಕ್ಕಿಂತ ಮೇಲು. ಅವನು ಕೂಗಿ ಕೂಗಿ ನಿಲ್ಲುತ್ತಾನೆ; ಉತ್ತರ ಕೊಡುವವರು ಯಾರೂ ಇಲ್ಲ.

ಆಗ ನಾನು ಇಳಕಲ್ಲಿನಿಂದ ಹುನಗುಂದದ ಕಾಲೇಜಿಗೆ ಪಾಠ ಹೇಳಲು ದಿನಾ ಒಂದೇ ಬಾಡಿಗೆ ಜೀಪಿನಲ್ಲಿ, ಡ್ರೈವರನ ಪಕ್ಕ ಕೂತು ಹೋಗುತ್ತಿದ್ದೆ. ಡ್ರೈವರ್ ತನ್ನ ಊರಿನ ಗೀಗೀ ಪದದ ಮೇಳದಲ್ಲಿ ಹಿಮ್ಮೇಳದವನು. ಮುಂದಿನವನು ಹಾಡಿ ನಿಲ್ಲಿಸಿದ ಕೂಡಲೇ ಹಿಂದಿನವರು ದನಿ ಕೊಡಬೇಕು, ಇಲ್ಲದಿದ್ದರೆ ಮೇಳದ ಮರ್ಯಾದೆ ಹೋಯಿತು. ಅಂಥವನ ಕೈಗೆ ನಾನು ಈ ಕ್ಯಾಸೆಟ್ ಕೊಟ್ಟೆ.

"ಪಾಪ, ಇವನ ಒಬ್ಬನ್ನ ಬಿಟ್ಟು ಮೇಳದವರೆಲ್ಲಾ ಎದ್ದು ಹೋಗ್ಯಾರ್ರಿ ಸರ," ಎಂದು ಮೂರನೆಯ ಹಾಡು ಕೇಳಿ ಮರುಗಿದ. ಗಾಯಕ ಕೂಗಿ ನಿಂತ. ಇವನು ಹಾರ್ನ್ ಹೊಡೆದ. ಅವನು ಮತ್ತೆ ಕೂಗಿದ, ಇವನು ಮತ್ತೆ ಹೊಡೆದ. ತಾಳ ಮಾತ್ರ ಒಂದಿಷ್ಟೂ ತಪ್ಪಲಿಲ್ಲ.

ಹಿಂದಿನ ಸೀಟಿನಲ್ಲಿ ಬುಟ್ಟಿ ಹಿಡಿದು ಕೂತ ಅಜ್ಜಿ ಕೇಳಿದಳು: "ಯಾರು ಸತ್ತಾರೋ ಯಪ್ಪಾ?"

"ಯಾರೂ ಸತ್ತಿಲ್ಲಬೇ. ಅಂವನ ಹುಡುಗಿ ಬಿಟ್ಟು ಹೋಗ್ಯಾಳ."

"ಇಷ್ಟಕ್ಕಽ ಹಿಂಗ ಹಾಡ್ಯಾಡಿ ಅಳತಾನ? ನಮ್ಮ ಮನಿಯಂವ ನಾ ಸತ್ರೂ ಅಳಾಂವಲ್ಲ."

ನಮ್ಮ ಮುಂದೆ ಗ್ರಾನೈಟ್ ಬಂಡೆ ಹೇರಿದ ಲಾರಿಯೊಂದು ತೆವಳುತ್ತಿತ್ತು. ಇಷ್ಟು ಹಾರ್ನ್ ಕೇಳಿದ ಅದರ ಕ್ಲೀನರ್, ಇವರಿಗೆ ಭಾಳ ಅವಸರವಿದೆ ಎಂದು ತಿಳಿದು, ಕೈ ಹೊರಗೆ ಹಾಕಿ ಹೋಗಿರೆಂದು ಬೀಸಿದ. ನಮಗೆ ಅವಸರವೇ ಇರಲಿಲ್ಲ. ಆದರೆ ಕೊಟ್ಟ ಸೈಡನ್ನು ಬ್ಯಾಡ ಅನ್ನುವ ಡ್ರೈವರನನ್ನು ನಾನಿನ್ನೂ ಕಂಡಿಲ್ಲ. ಜೀಪು ಬಲಕ್ಕೆ ಹೊರಳಿತು. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್.

ಎಡಕ್ಕೆ ಕಲ್ಲು, ಮುಂದೆ ಕಬ್ಬು. ಟ್ರ್ಯಾಕ್ಟರಿನ ಮೂತಿಗೆ ಕಟ್ಟಿದ ಒಣ ನಿಂಬೆಹಣ್ಣು ಅಲ್ಲಾಡುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಇಲ್ಲದ ಬ್ರೇಕನ್ನು ನಾನು ಬಲಗಾಲಿನಿಂದ ಒತ್ತಿದೆ. ಜೀಪು ರಸ್ತೆ ಬಿಟ್ಟು ಜೋಳದ ಹೊಲಕ್ಕೆ ನುಗ್ಗಿ, ಎರೆಮಣ್ಣಿನಲ್ಲಿ ಹೂತು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಟೇಪು ಮಾತ್ರ ನಡೆದೇ ಇತ್ತು. ಗಾಯಕ ಕೂಗಿ ನಿಂತ. ಡ್ರೈವರನ ಕೈ ತಾನಾಗಿ ಹೋಗಿ ಹಾರ್ನ್ ಒತ್ತಿತು.

"ಈಗರೆ ಅಳಲಿ ಬಿಡೋ," ಅಂದಳು ಅಜ್ಜಿ. "ಈಗ ಕಾರಣ ಐತಿ."

ಕ್ಯಾಸೆಟ್ ಮನೆಗೆ ತಂದೆ. ಆದರೆ ಆ ಹಾಡು ನನ್ನ ಪಾಲಿಗೆ ಹೋದಂತೆಯೇ ಆಯಿತು. ಕ್ಯಾಸೆಟ್ಟಿಗೆ ಇದೊಂದು ಕೇಡು: ಸರದಿ ಬದಲಾಗುವುದಿಲ್ಲ. ಎರಡನೆಯವಳು ಗದರಿ ಮುಗಿಸಿದ ಮೇಲೆ ಒಂದು ಗಳಿಗೆ ಬರೀ ಸರಸರ ಸಪ್ಪಳ. ಅಷ್ಟರಲ್ಲಿ ನಿಂಬೆಹಣ್ಣು ಅಲ್ಲಾಡುತ್ತ ಬಂದುಬಿಡುತ್ತಿತ್ತು, ನಾನು ಟೇಪ್ ಬಂದ್ ಮಾಡುತ್ತಿದ್ದೆ. ಎಷ್ಟೋ ತಿಂಗಳು ಹೀಗೇ ನಡೆಯಿತು.

"ಆ ಅಳಾಂವನ ಕ್ಯಾಸೆಟ್ ತರ್ರಿ ಸರ," ಎಂದ ಡ್ರೈವರ್ ಒಂದು ದಿನ.

"ನಾ ಮತ್ತ ಆ ಹೊಲಕ್ಕ ಬರಾಂವಲ್ಲೋ ಮಾರಾಯಾ."

"ಅಂವಗ ಜವಾಬು ಕೊಡೋರಿದ್ರ ನಾ ಯಾಕ ಹಾರ್ನ್ ಹೊಡೀಲ್ರಿ? ನೀವು ದನಿ ಕೊಡ್ರಿ."

ಹಾಡು ಕೈಬಿಟ್ಟು ಹೋದ ಸಂಕಟ ಹೆದರಿಕೆಗಿಂತ ದೊಡ್ಡದಿತ್ತೇನೋ, ಮರುದಿನ ಒಯ್ದೆ. ಮೂರನೆಯ ಹಾಡು ಬಂತು. ಮುಂದೆ ಕಲ್ಲಿನ ಲಾರಿಯೂ ಬಂತು. ಗಾಯಕ ಕೂಗಿ ನಿಂತ. ಡ್ರೈವರನ ಕೈ ಮೆಲ್ಲಗೆ ಹಾರ್ನಿನ ಕಡೆ ಸರಿಯಿತು. ಹುಟ್ಟಿದಾಗಿನಿಂದ ಹಾಡದ ನಾನು ಬಾಯಿ ತೆರೆದು ಒಂದು ದನಿ ಹೊರಡಿಸಿದೆ. ಕೈ ಮರಳಿ ಸ್ಟೇರಿಂಗಿಗೆ ಹೋಯಿತು.

"ದನಿ ಸಣ್ಣ ಆತ್ರಿ ಸರ."

ಜೋರು ಮಾಡಿದೆ. ಹಿಂದಿನ ಸೀಟಿನವರೂ ಕೂಡಿದರು. ಬಲಗಾಲು ಮಾತ್ರ ಉದ್ದಕ್ಕೂ ಒತ್ತಿಕೊಂಡೇ ಇತ್ತು. ಆದರೂ ಆ ದಿನ ಹಾಡು ಕೊನೆಯ ತನಕ ಕೇಳಿದೆ.